ಹೊಳೆಯುವ ಎರೆಯ ಚರಿತ್ರೆ

ಗಾಳಕ್ಕೆ ಸಿಕ್ಕಿಸುವ ತಿನಿಸನ್ನು ಕನ್ನಡದಲ್ಲಿ ಎರೆ ಎನ್ನುತ್ತೇವೆ. ಎರೆಹುಳುವಿನ ಹೆಸರಿನಲ್ಲೇ ಆ ಮಾತು ಕುಳಿತಿದೆ. ಹೊಳೆಯ ದಂಡೆಯಲ್ಲಿ ಹಸಿ ಮಣ್ಣು ಕೆದಕಿ, ಹುಳು ಹಿಡಿದು ಗಾಳಕ್ಕೆ ಚುಚ್ಚಿದ ಬಾಲ್ಯ ನಮ್ಮ ಓದುಗರಲ್ಲಿ ಹಲವರದ್ದಿದ್ದೀತು. ಆ ಹುಳುವಿಗೆ ಕಾಸು ಕೊಡಬೇಕಾಗಿರಲಿಲ್ಲ. ಇಂದು ಮಹಾನಗರಗಳ ಅಂಗಡಿಗಳಲ್ಲಿ ಮೆದು ಪ್ಲಾಸ್ಟಿಕ್ಕಿನ ಹುಸಿ ಎರೆಗಳು ಪೊಟ್ಟಣಗಳಲ್ಲಿ ಮಾರಾಟಕ್ಕೆ ಬಂದಿವೆ. ಕೆಲವು ಪೊಟ್ಟಣಗಳ ಮೇಲೆ ‘ಗ್ಲೋ’ ಎಂದೂ ಕೆಲವುಗಳ ಮೇಲೆ ‘ಯು.ವಿ.’ ಎಂದೂ ಅಚ್ಚಾಗಿರುತ್ತದೆ. ಎರಡೂ ಒಂದೇ ಎಂದು ತಿಳಿದು ಕೊಳ್ಳುವವರೇ ಹೆಚ್ಚು. ವಾಸ್ತವವಾಗಿ ಅವುಗಳ ಹುಟ್ಟು ಬೇರೆ, ಗುಣ ಬೇರೆ, ಬಳಸುವ ಹೊತ್ತೂ ಬೇರೆ. ಯಾವುದನ್ನು ಯಾವಾಗ ಆರಿಸಬೇಕೆಂಬುದನ್ನು ಅವುಗಳ ಚರಿತ್ರೆಯೇ ತಿಳಿಸಿಕೊಡುತ್ತದೆ. ಆ ಚರಿತ್ರೆಯ ಬಹುಭಾಗ ನಡೆದದ್ದು ಅಮೆರಿಕದ ಓಹಾಯೊ ರಾಜ್ಯದ ಒಂದೇ ಮೂಲೆಯಲ್ಲಿ ಎಂಬುದು ಸೋಜಿಗದ ಸಂಗತಿ.

ಕತ್ತಲಲ್ಲಿ ಬೆಳಗುವ ಕಲ್ಲು

1603ರ ಸುಮಾರಿಗೆ ಇಟಲಿಯ ಬೊಲೊನ್ಯಾ ನಗರದಲ್ಲಿ ವಿಂಚೆಂಜೊ ಕಾಶರೋಲೊ ಎಂಬ ಚಮ್ಮಾರನಿದ್ದ. ಅವನಿಗೆ ರಸವಿದ್ಯೆಯ ಹುಚ್ಚು. ಊರ ಬಳಿಯ ಬೆಟ್ಟದಲ್ಲಿ ಸಿಕ್ಕಿದ ಭಾರವಾದ ಕಲ್ಲೊಂದನ್ನು ಇದ್ದಿಲಿನೊಡನೆ ಸುಟ್ಟು ನೋಡಿದ. ಚಿನ್ನವೇನೂ ಬರಲಿಲ್ಲ, ಆದರೆ ಬಿಸಿಲಿಗೆ ಒಡ್ಡಿದ ಆ ಕಲ್ಲು ಕತ್ತಲಲ್ಲಿ ಕೆಂಡದಂತೆ ಬೆಳಗಿತು. ಬೆಳಕನ್ನು ಹೀರಿ ಇಟ್ಟುಕೊಂಡು ಮೆಲ್ಲಮೆಲ್ಲನೆ ಹೊರಬಿಡುವ ಈ ಗುಣವೇ ‘ಗ್ಲೋ’ ಎರೆಯ ಮೂಲ.

1877ರಲ್ಲಿ ಇಂಗ್ಲೆಂಡಿನ ಬಾಲ್ಮೇನ್ ಎಂಬಾತ ಕ್ಯಾಲ್ಸಿಯಂ ಸಲ್ಫೈಡಿನಿಂದ ತಯಾರಾದ ಹೊಳೆಯುವ ಬಣ್ಣಕ್ಕೆ ಪೇಟೆಂಟ್ ಪಡೆದ. ಆರೇ ವರ್ಷಗಳಲ್ಲಿ ಈ ವಿದ್ಯೆ ಗಾಳಕ್ಕೂ ಬಂತು. 1883ರಲ್ಲಿ ಓಹಾಯೊದ ಆಕ್ರಾನ್ ನಗರದ ಅರ್ನೆಸ್ಟ್ ಫ್ಲೂಗರ್ ಹೊಳೆಯುವ ಹುಸಿ ಎರೆಗೆ ಪೇಟೆಂಟ್ ಪಡೆದ. ಆ ಬಣ್ಣಕ್ಕೊಂದು ದೊಡ್ಡ ಕೊರತೆಯಿತ್ತು: ನೀರು ತಾಗಿದರೆ ಕೆಡುತ್ತಿತ್ತು. ನೀರಿನಲ್ಲೇ ಬಾಳಬೇಕಾದ ಎರೆಗೆ ಇದಕ್ಕಿಂತ ದೊಡ್ಡ ದೋಷ ಇನ್ನೇನಿದ್ದೀತು! ಮುಂದೆ ತಾಮ್ರದ ಅಂಶ ಬೆರೆತ ಜಿಂಕ್ ಸಲ್ಫೈಡ್ ಆ ಜಾಗಕ್ಕೆ ಬಂತು. ಅದು ಸೂಸುವುದು ಹಸಿರು ಬೆಳಕು.

ಅಡುಗೆಮನೆಯ ಹುಳು

ಆಕ್ರಾನ್ ರಬ್ಬರಿನ ಊರು. ಅಲ್ಲಿನ ಬಿ.ಎಫ್. ಗುಡ್‌ರಿಚ್ ಕಂಪೆನಿಯಲ್ಲಿ ವಾಲ್ಡೊ ಸೆಮನ್ ಎಂಬ ರಸಾಯನಶಾಸ್ತ್ರಜ್ಞ 1926ರಲ್ಲಿ ರಬ್ಬರನ್ನು ಲೋಹಕ್ಕೆ ಅಂಟಿಸುವ ಅಂಟಿಗಾಗಿ ಪ್ರಯೋಗ ನಡೆಸಿದ್ದ. ಅಂಟು ಸಿಗಲಿಲ್ಲ, ಬಾಗಿಸಿದರೆ ಬಾಗುವ, ಬಿಟ್ಟರೆ ನೆಟ್ಟಗಾಗುವ ಮೆದು ಪಿ.ವಿ.ಸಿ. ಸಿಕ್ಕಿತು. ಮಳೆಯಂಗಿಯಿಂದ ತಂತಿಯ ಹೊದಿಕೆಯವರೆಗೆ ಅದು ಮನೆಮನೆಗೆ ಹೊಕ್ಕಿತು.

1949ರಲ್ಲಿ ಅದೇ ಊರಿನ ನಿಕ್ ಕ್ರೀಮ್ ಎಂಬ ಯಂತ್ರ ಕೆಲಸಗಾರ ನಿಜವಾದ ಎರೆಹುಳುವಿನಿಂದ ಅಚ್ಚು ತೆಗೆದು, ಅಡುಗೆಮನೆಯ ಒಲೆಯ ಮೇಲೆ ವಿನೈಲ್ ಕಾಯಿಸಿ ಸುರಿದು ಪ್ಲಾಸ್ಟಿಕ್ಕಿನ ಹುಳು ಮಾಡಿದ. ಹೆಂಡತಿಯೂ ಕೈಜೋಡಿಸಿದಳು. ಅಲ್ಲಿಯವರೆಗಿನ ಹುಸಿ ಎರೆಗಳು ಹೆಚ್ಚಾಗಿ ಮರದವು ಅಥವಾ ಲೋಹದವು. ಬಾಯಿಗೆ ಗಟ್ಟಿ ತಾಗಿದೊಡನೆ ಮೀನು ಉಗುಳಿಬಿಡುತ್ತಿತ್ತು. ಮೆದು ಹುಳುವನ್ನು ಅದು ಒಂದು ಕ್ಷಣ ಹೆಚ್ಚು ಹೊತ್ತು ಬಾಯಲ್ಲಿಟ್ಟುಕೊಳ್ಳುತ್ತದೆ. ಗಾಳಕ್ಕೆ ಆ ಒಂದು ಕ್ಷಣವೇ ಸಾಕು. ನಮ್ಮ ವಿಷಯಕ್ಕೆ ಮುಖ್ಯವಾದ ಇನ್ನೊಂದು ಅನುಕೂಲವೂ ಇದರಲ್ಲಿತ್ತು. ಮರದ ಎರೆಗೆ ಬಣ್ಣವನ್ನು ಮೇಲೆ ಬಳಿಯಬೇಕು. ಮೆದು ಪ್ಲಾಸ್ಟಿಕ್ಕಿನಲ್ಲಾದರೆ ಹೊಳೆಯುವ ಪುಡಿಯನ್ನು ಮೈಯೊಳಗೇ ಕಲಸಬಹುದು. ಪ್ಲಾಸ್ಟಿಕ್ಕು ಸುತ್ತಲೂ ಇರುವುದರಿಂದ ನೀರೂ ಸುಲಭವಾಗಿ ಒಳಗಿಳಿಯದು.

ಸೋದರರ ಬಣ್ಣ

‘ಯು.ವಿ.’ ಎರೆಯ ಕಥೆ ಬೇರೆ. ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ಆ ಕ್ಷಣವೇ ಕಾಣುವ ಬಣ್ಣವಾಗಿ ಹೊರಬಿಡುವ ಗುಣವನ್ನು 1852ರಲ್ಲಿ ಕೇಂಬ್ರಿಜಿನ ಜಾರ್ಜ್ ಸ್ಟೋಕ್ಸ್ ವಿವರಿಸಿದ್ದರು. ಅದನ್ನು ಪೇಟೆಗೆ ತಂದವರು ಕ್ಯಾಲಿಫೋರ್ನಿಯಾದ ಬರ್ಕ್ಲಿಯ ರಾಬರ್ಟ್ ಮತ್ತು ಜೋಸೆಫ್ ಸ್ವಿಟ್ಜರ್ ಸೋದರರು. 1933ರಲ್ಲಿ ಕೆಲಸದ ಜಾಗದಲ್ಲಿ ತಲೆಗೆ ಪೆಟ್ಟು ಬಿದ್ದು ರಾಬರ್ಟನ ದೃಷ್ಟಿಗೆ ಊನವಾಯಿತು. ಕತ್ತಲ ಕೋಣೆಯಲ್ಲಿ ದಿನ ಕಳೆಯಬೇಕಾಗಿ ಬಂತು. ತಮ್ಮ ಜೋಸೆಫನಿಗೆ ಇಂದ್ರಜಾಲದ ಹವ್ಯಾಸ. ಇಬ್ಬರೂ ಅತಿನೇರಳೆ ದೀಪ ಹಿಡಿದು ತಂದೆಯ ಔಷಧದ ಅಂಗಡಿಯಲ್ಲಿ ಯಾವ ಶೀಶೆ ಹೊಳೆಯುತ್ತದೆಂದು ಹುಡುಕಿದರು. ಮೊದಲು ಮಾಡಿದ ಬಣ್ಣ ದೀಪದಡಿ ಮಾತ್ರ ಹೊಳೆಯುತ್ತಿತ್ತು. ಮುಂದೆ ಹಗಲಿನಲ್ಲೇ ಪ್ರಜ್ವಲಿಸುವ ಬಣ್ಣವನ್ನೂ ಸಾಧಿಸಿದರು. ಅವರು ನೆಲೆಸಿ ಕಾರ್ಖಾನೆ ನಡೆಸಿದ್ದು ಆಕ್ರಾನಿಗೆ ಹತ್ತಿರದ ಕ್ಲೀವ್‌ಲೆಂಡಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಸನ್ನೆ ತೋರುವ ಬಟ್ಟೆಗೆ ಈ ಬಣ್ಣ ಬಳಕೆಯಾಯಿತು. ಕ್ರಮೇಣ ಇಂಥ ಬಣ್ಣಗಳು ಎರೆಯ ಮೈಯನ್ನೂ ಸೇರಿದವು.

ಕೊನೆಯ ದೊಡ್ಡ ಹೆಜ್ಜೆ ಜಪಾನಿನದು. ಕೈಗಡಿಯಾರದ ಮುಳ್ಳುಗಳಿಗೆ ಹೊಳೆಯುವ ಬಣ್ಣ ಮಾಡುತ್ತಿದ್ದ ನೆಮೊಟೊ ಕಂಪೆನಿ 1993ರಲ್ಲಿ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಎಂಬ ವಸ್ತುವನ್ನು ಸಿದ್ಧಪಡಿಸಿತು. ಇದರ ಬೆಳಕು ಜಿಂಕ್ ಸಲ್ಫೈಡಿಗಿಂತ ಎಷ್ಟೋ ಪಾಲು ಪ್ರಖರ. ಹಳೆಯ ಪುಡಿ ನಿಮಿಷಗಳಲ್ಲಿ ಮಂಕಾದರೆ ಇದು ಗಂಟೆಗಟ್ಟಲೆ ಬೆಳಗುತ್ತದೆ.

ನೀರು ಬೆಳಕನ್ನು ತಿನ್ನುವ ಬಗೆ

ಈಗ ಆಯ್ಕೆಯ ಮಾತು. ನೀರು ಎಲ್ಲ ಬಣ್ಣವನ್ನೂ ಸಮನಾಗಿ ಹೀರುವುದಿಲ್ಲ. ಕೆಂಪು ಕೆಲವೇ ಮೀಟರ್ ಆಳದಲ್ಲಿ ಮಾಯವಾಗುತ್ತದೆ. ತಿಳಿಗಡಲಿನಲ್ಲಿ ನೀಲಿ ಬಹಳ ಆಳಕ್ಕೆ ಇಳಿಯುತ್ತದೆ. ಮೇಲೆ ಕೆಂಪಗೆ ಕಂಡ ಸಾಧಾರಣ ಎರೆ ಕೆಳಗೆ ಕಪ್ಪು ತುಂಡಷ್ಟೆ. ಯು.ವಿ. ಎರೆಯಾದರೋ ಆಳಕ್ಕೆ ಬಂದ ನೀಲಿ ಮತ್ತು ಅತಿನೇರಳೆ ಬೆಳಕನ್ನೇ ಹೀರಿ ತನ್ನ ಬಣ್ಣವನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ಅದು ತಿಳಿನೀರಿಗೆ, ಹಗಲಿಗೆ, ಮೋಡದ ದಿನಕ್ಕೆ, ಮುಂಜಾವು ಮುಸ್ಸಂಜೆಗಳಿಗೆ ತಕ್ಕದ್ದು. ರಾಡಿ ನೀರಿನಲ್ಲಿ ಅತಿನೇರಳೆ ಮೇಲ್ಪದರದಲ್ಲೇ ಮುಗಿದುಹೋಗುತ್ತದೆ. ರಾತ್ರಿ ಹೀರುವುದಕ್ಕೆ ಬೆಳಕೇ ಇಲ್ಲ. ಆಗ ಆ ಎರೆಗೂ ಸಾಧಾರಣ ಎರೆಗೂ ವ್ಯತ್ಯಾಸವಿಲ್ಲ.

ಗ್ಲೋ ಎರೆ ಇದಕ್ಕೆ ತಿರುಗು. ಬಿಸಿಲಿನಲ್ಲಿ ಅದರ ಬೆಳಕು ಲೆಕ್ಕಕ್ಕೇ ಬಾರದು. ರಾತ್ರಿ, ಆಳ, ಕದಡಿದ ನೀರು ಇವೇ ಅದರ ರಾಜ್ಯ. ನೀರಿಗೆ ಬಿಡುವ ಮುನ್ನ ಅದಕ್ಕೆ ಟಾರ್ಚಿನ ಬೆಳಕು ಉಣಿಸಬೇಕು. ಮಬ್ಬಿನಲ್ಲಿ ಹಲವು ಮೀನುಗಳ ಕಣ್ಣು ನೀಲಿ ಹಸಿರು ಬೆಳಕಿಗೆ ಹೆಚ್ಚು ಚುರುಕು; ಆದ್ದರಿಂದಲೇ ಹಸಿರು ಗ್ಲೋ ಹೆಚ್ಚು ನಡೆಯುತ್ತದೆ.

ಪೊಟ್ಟಣದ ಮಾತನ್ನಷ್ಟೇ ನಂಬಬೇಕಾಗಿಲ್ಲ, ಬೆಳ್ಳಗಿರುವುದೆಲ್ಲ ಹಾಲಲ್ಲ. ಕತ್ತಲ ಕೋಣೆಯಲ್ಲಿ ಅತಿನೇರಳೆ ಟಾರ್ಚು ಹಿಡಿದು ನೋಡಿ. ಟಾರ್ಚು ಇರುವಷ್ಟು ಹೊತ್ತು ಮಾತ್ರ ಬಣ್ಣ ಉರಿದರೆ ಅದು ಯು.ವಿ.; ಆರಿಸಿದ ಮೇಲೂ ಬೆಳಗಿದರೆ ಗ್ಲೋ; ಎರಡೂ ಇಲ್ಲದಿದ್ದರೆ ಹಣ ಮಿಗಿಸಿ. ಅತಿನೇರಳೆಯನ್ನು ಬರಿದೆ ಪ್ರತಿಫಲಿಸುವ ಎರೆಗಳೂ ಉಂಟು. ಅದನ್ನು ಕಾಣಬಲ್ಲ ಮೀನುಗಳಿಗೆ ಮಾತ್ರ ಅದರಿಂದ ಪ್ರಯೋಜನ. ಟ್ರೌಟ್ ಮರಿಗಳಿಗೆ ಆ ದೃಷ್ಟಿ ಇದ್ದು ಬೆಳೆದಂತೆ ಕುಂದುತ್ತದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಂಗಡಿಯಲ್ಲಿ ಮಿನುಗುವುದು ನಮ್ಮ ಕಣ್ಣಿಗೆ. ಕಚ್ಚಬೇಕಾದ್ದು ಮೀನು ಎಂಬುದನ್ನು ಮರೆಯಬಾರದು.

ಬೆಳಕಿನ ಬೆಲೆ

ಈ ಚರಿತ್ರೆಗೆ ಇನ್ನೊಂದು ಮುಖವಿದೆ. ಮಣ್ಣಿನ ಹುಳು ಕೊಳೆಯುತ್ತದೆ, ಪಿ.ವಿ.ಸಿ. ಹುಳು ಕೊಳೆಯದು. ಕಿತ್ತುಹೋದ ಮೆದು ಎರೆಗಳು ಅಮೆರಿಕದ ಕೆರೆಗಳಲ್ಲಿ ಮೀನಿನ ಹೊಟ್ಟೆಯೊಳಗೆ ಸಿಕ್ಕಿವೆ. ಹರಿದ ಎರೆಯನ್ನು ನೀರಿಗೆಸೆಯದೆ ಜೇಬಿಗೆ ಹಾಕಿಕೊಂಡು ಬರುವುದು ಗಾಳ ಹಿಡಿದವನ ಕನಿಷ್ಠ ಧರ್ಮ.

ಬೆಳಕಿನ ಆಸೆ ಎರೆಯಲ್ಲಿಗೇ ನಿಂತಿಲ್ಲ. ದೋಣಿಯಿಂದ ಪ್ರಖರ ಎಲ್.ಇ.ಡಿ. ದೀಪ ಹಾಯಿಸಿ ಮೀನಿನ ಹಿಂಡನ್ನೇ ಸೆಳೆದು ಬಲೆ ಬೀಸುವ ಪದ್ಧತಿ ನಮ್ಮ ಕರಾವಳಿಗೂ ಬಂತು. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ದೇಶದ ವಿಶೇಷ ಆರ್ಥಿಕ ವಲಯದಲ್ಲಿ ಇದನ್ನು ನಿಷೇಧಿಸಿತು. ನಿಷೇಧ ಕಟ್ಟುನಿಟ್ಟಾಗಿ ಜಾರಿಯಾಗಬೇಕೆಂದು ಕರಾವಳಿಯ ಸಾಂಪ್ರದಾಯಿಕ ಮೀನುಗಾರರು ಆ ಬಳಿಕವೂ ಒತ್ತಾಯಿಸಿದ್ದಾರೆ. ಮಲ್ಪೆ, ಗಂಗೊಳ್ಳಿ, ಕಾರವಾರಗಳಿಂದ ಮುಂಬಯಿಗೆ ಬಂದು ನೆಲೆಸಿದ ಮನೆಗಳಲ್ಲಿ ಈ ಮಾತು ಹೊಸದಲ್ಲ. ಎರೆಯ ಬೆಳಕು ಕರೆಯುವುದು ಒಂದು ಮೀನನ್ನು, ಕಚ್ಚುವುದೂ ಬಿಡುವುದೂ ಅದರ ಇಚ್ಛೆ. ದೋಣಿಯ ದೀಪ ಮರಿಗಳನ್ನೂ ಸೇರಿಸಿ ಇಡೀ ಹಿಂಡನ್ನು ಬಾಚುತ್ತದೆ. ನಾಡದೋಣಿಯವನ ಪಾಲಿಗೆ ಉಳಿಯುವುದು ಬರಿದಾದ ಕಡಲು.