ಒಂಬತ್ತು ಪಿನ್ನಿನಿಂದ ಹಗಲುವೇಷದವರೆಗೆ: ಜಾಯ್‌ಸ್ಟಿಕ್ಕಿನ ಕಥೆ

ಹೋದ ತಿಂಗಳು ಅತ್ತೆ ಮಗ ಫೋನ್ ಮಾಡಿದ್ದ. "ಲೋ, ನೀನು ಇಂಜಿನಿಯರ್ ಅಲ್ವೇನೋ? ನನ್ನ ಸ್ವಿಚ್‌ಗೂ ಆಗ್ಬೇಕು, ಲ್ಯಾಪ್‌ಟಾಪ್‌ಗೂ ಆಗ್ಬೇಕು, ಫೋನಿಗೂ ಆಗ್ಬೇಕು, ಅಂಥದ್ದೊಂದು ಕಂಟ್ರೋಲರ್ ನೋಡಿ ಹೇಳು. ವೈರ್ ಇರ್ಬಾರ್ದು." ಅಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಕೈಗೂ ಆಗ್ಬೇಕು" ಅಂದ.

ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದ ಮೇಲೆ ಅವನ ಬಲಗೈಯ ತೋರುಬೆರಳು, ನಡುಬೆರಳು ಪೂರ್ತಿ ಮಡಚುವುದಿಲ್ಲ. ಹೆಬ್ಬೆರಳಿಗೆ ಏನೂ ಆಗಿಲ್ಲ, ಪುಣ್ಯ. ಅಂದರೆ ಮುಂದಿರುವ ನಾಲ್ಕು ಗುಂಡಿ ಒತ್ತಬಲ್ಲ, ಆದರೆ ಬೆರಳು ಬಾಗಿಸಿ ಎಳೆಯಬೇಕಾದ ಬೆನ್ನಿನ ಟ್ರಿಗರ್ ಅವನಿಗೆ ಎಟುಕುವುದಿಲ್ಲ. ಇವತ್ತಿನ ಅರ್ಧಕ್ಕರ್ಧ ಆಟಗಳಲ್ಲಿ ಗುಂಡು ಹಾರಿಸುವುದು, ಗಾಡಿ ಓಡಿಸುವುದು ಎಲ್ಲ ಆ ಬಲ ಟ್ರಿಗರಿನಲ್ಲೇ.

ಒಂದನ್ನು ತರಿಸಿದೆ. ಕಂಪನಿಯ ಹೆಸರು ಬೇಡ ಬಿಡಿ, ಇಂಥವು ಈಗ ಹತ್ತಾರು ಇವೆ. ಡಬ್ಬಿಯ ಮೇಲೆ 'ಎಲ್ಲ ಪ್ಲಾಟ್‌ಫಾರಂಗಳಿಗೂ' ಎಂದು ದೊಡ್ಡದಾಗಿ ಬರೆದಿತ್ತು. ತಿರುಗಿಸಿ ನೋಡಿದರೆ ಬೆನ್ನಿನ ಮೇಲೊಂದು ಪುಟ್ಟ ಜಾರುಗುಂಡಿ, ಅದಕ್ಕೆ ನಾಲ್ಕು ಸ್ಥಾನ. ಲ್ಯಾಪ್‌ಟಾಪಿಗೆ ಸಿಕ್ಕಿಸಿ ಲಿನಕ್ಸ್‌ನಲ್ಲಿ ಯುಎಸ್‌ಬಿ ಪಟ್ಟಿ ತೆಗೆದೆ. ಒಂದು ಸ್ಥಾನದಲ್ಲಿ 'ನಾನು ನಿಂಟೆಂಡೊ ಸ್ವಿಚ್‌ನ ಪ್ರೊ ಕಂಟ್ರೋಲರ್' ಅನ್ನುತ್ತದೆ. ಗುಂಡಿ ಒಂದು ಹೆಜ್ಜೆ ಜಾರಿಸಿ ಮತ್ತೆ ಸಿಕ್ಕಿಸಿದರೆ 'ನಾನು ಎಕ್ಸ್‌ಬಾಕ್ಸ್ ಕಂಟ್ರೋಲರ್' ಅನ್ನುತ್ತದೆ. ನಮ್ಮೂರಿಗೆ ಬರುತ್ತಿದ್ದ ಹಗಲುವೇಷದವರ ನೆನಪಾಯ್ತು. ಬೆಳಿಗ್ಗೆ ರಾಮ, ಮಧ್ಯಾಹ್ನ ಪೊಲೀಸ್ ಇನ್ಸ್‌ಪೆಕ್ಟರ್ :)

ಆದರೆ ವೇಷ ಯಾಕೆ ಹಾಕಬೇಕು? ತಂತಿ ಹೋಯಿತು, ಪ್ಲಗ್ಗು ಹೋಯಿತು. ಎಲ್ಲರೂ ಮಾತಾಡುವುದು ಅದೇ 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ಯಾಕೆ ತಿಳಿಯುವುದಿಲ್ಲ? ಇದು ತಲೆಗೆ ಹತ್ತಿದ ಮೇಲೆ ಕಂಟ್ರೋಲರಿನ ವಿಮರ್ಶೆ ಪಕ್ಕಕ್ಕೆ ಸರಿದು, ಒಂದು ವಾರ ಹಳೆಯ ಇತಿಹಾಸ ಕೆದಕುವುದೇ ಆಯಿತು.

ಕಥೆ ಶುರುವಾಗುವುದು ಅಟಾರಿಯಿಂದ. ಅಮೆರಿಕದಲ್ಲಿ 1977ರಲ್ಲಿ ಬಂದ, ಮುಂದೆ ಅಟಾರಿ 2600 ಎಂದು ಕರೆಸಿಕೊಂಡ ಮೆಷಿನ್ನಿನ ಜಾಯ್‌ಸ್ಟಿಕ್ಕಿಗೆ ಒಂಬತ್ತು ಪಿನ್ನಿನ ಪ್ಲಗ್ ಇತ್ತು. ಒಳಗೆ ಚಿಪ್ಪೂ ಇಲ್ಲ, ಗಿಪ್ಪೂ ಇಲ್ಲ. ಮೇಲೆ, ಕೆಳಗೆ, ಎಡ, ಬಲ, ಜೊತೆಗೊಂದು ಕೆಂಪು ಗುಂಡಿ, ಒಟ್ಟು ಐದು ಸ್ವಿಚ್ಚು. ಒಂದೊಂದಕ್ಕೂ ಒಂದೊಂದು ತಂತಿ, ಎಲ್ಲಕ್ಕೂ ಸೇರಿ ಒಂದು ನೆಲದ ತಂತಿ. ಗುಂಡಿ ಒತ್ತಿದರೆ ಆ ತಂತಿ ನೆಲಕ್ಕೆ ತಾಗುತ್ತದೆ. ಅಷ್ಟೇ! ಮನೆಯ ಕರೆಗಂಟೆಯಷ್ಟು ಸರಳ.

ಸರಳವಾಗಿದ್ದದ್ದಕ್ಕೇ ಎಲ್ಲರೂ ಅದನ್ನು ಎತ್ತಿಕೊಂಡರು. 1982ರ ಕಮೊಡೋರ್ 64, 1985ರ ಅಮಿಗಾ, ಅಟಾರಿಯದೇ ಎಸ್‌ಟಿ ಕಂಪ್ಯೂಟರ್, ಎಲ್ಲಕ್ಕೂ ಅದೇ ಒಂಬತ್ತು ಪಿನ್ನು. ಯಾವ ಸಮಿತಿಯೂ ಕೂತು ಇದನ್ನೇ ಮಾನದಂಡ ಮಾಡೋಣ ಎಂದು ತೀರ್ಮಾನಿಸಿದ್ದಲ್ಲ, ತಾನಾಗಿ ಆಯಿತು. ಸೆಗಾ ತನ್ನ 1988ರ ಮೆಗಾ ಡ್ರೈವ್‌ಗೆ ಹೆಚ್ಚು ಗುಂಡಿ ಸೇರಿಸಿದರೂ ಪ್ಲಗ್ಗಿನ ಆಕಾರ ಬಿಡಲಿಲ್ಲ. ಆ ಪ್ಯಾಡನ್ನು ಹಳೇ ಅಟಾರಿ 2600ಕ್ಕೆ ಸಿಕ್ಕಿಸಿ 'ಬಿ' ಗುಂಡಿ ಒತ್ತಿದರೆ ಈಗಲೂ ಗುಂಡು ಹಾರುತ್ತದೆ. ಎರಡು ಬೇರೆ ಕಂಪನಿ, ನಡುವೆ ಹನ್ನೊಂದು ವರ್ಷ! ಇವತ್ತಿನ ಯಾವ ಎರಡು ಕಂಪನಿಗಳ ನಡುವೆ ಇದು ಸಾಧ್ಯ ಹೇಳಿ.

ನಿಂಟೆಂಡೊ ಬೇರೆ ದಾರಿ ಹಿಡಿಯಿತು. ಜಪಾನಿನಲ್ಲಿ 1983ರಲ್ಲಿ ಬಂದ ಫ್ಯಾಮಿಕಾಮ್‌ನ ಕಂಟ್ರೋಲರಿನಲ್ಲಿ ಎಂಟು ಗುಂಡಿಯ ಲೆಕ್ಕ. ಎಂಟಕ್ಕೂ ತಂತಿ ಎಳೆಯುವ ಬದಲು ಒಳಗೊಂದು ಶಿಫ್ಟ್ ರಿಜಿಸ್ಟರ್ ಚಿಪ್ ಇಟ್ಟರು. ಮೆಷಿನ್ನು 'ಈಗ ಹಿಡಿದುಕೋ' ಅನ್ನುತ್ತದೆ, ಚಿಪ್ಪು ಆ ಕ್ಷಣ ಎಂಟು ಗುಂಡಿಗಳೂ ಹೇಗಿವೆಯೋ ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಮೆಷಿನ್ನು ಒಂದೊಂದು ತಾಳ ಹಾಕಿದಂತೆ ಇದು ಒಂದೊಂದೇ ಗುಂಡಿಯ ವರದಿ ಒಪ್ಪಿಸುತ್ತದೆ. ಸಂಕೇತಕ್ಕೆ ಮೂರು ತಂತಿ, ಕರೆಂಟಿಗೆ ಎರಡು, ಮುಗೀತು. ಚೆಂದದ ಇಂಜಿನಿಯರಿಂಗ್. ಆದರೆ ಇಲ್ಲಿಂದಲೇ ಕಂಟ್ರೋಲರಿಗೆ ಒಂದು ಭಾಷೆ ಬಂತು. ಭಾಷೆ ಬಂದ ಮೇಲೆ 'ನಮ್ಮವರು', 'ಅವರು' ಎಂಬ ಗೋಡೆ ಬರುವುದಕ್ಕೆ ತಡವೇ?

ಇದನ್ನು ಓದುವಾಗ ನನಗೆ ಜ್ಞಾನೋದಯವಾಯ್ತು. ನಾವು ಚಿಕ್ಕವರಿದ್ದಾಗ ಅತ್ತೆ ಮನೆಯಲ್ಲಿ ಒಂದು ಕ್ಯಾಸೆಟ್ ಹಾಕುವ ವಿಡಿಯೋ ಗೇಮ್ ಇತ್ತು. ಫ್ಯಾಮಿಕಾಮ್‌ನ ನಕಲು ಅದು ಎಂಬುದು ಆಗ ಯಾರಿಗೆ ಗೊತ್ತು? ನಿಮ್ಮಲ್ಲೂ ಬಹಳ ಜನ ಆಡಿರುತ್ತೀರಿ, ಕ್ಯಾಸೆಟ್ಟಿನ ಮೇಲೆ 'ತೊಂಬತ್ತೊಂಬತ್ತು ಲಕ್ಷ ಆಟ' ಎಂದಿರುತ್ತಿತ್ತು, ಒಳಗೆ ಮಾರಿಯೋ, ಕಾಂಟ್ರಾ ಸೇರಿ ಏಳೆಂಟು. ಒಂದು ಬೇಸಿಗೆ ರಜೆಯಲ್ಲಿ ಎರಡನೇ ಜಾಯ್‌ಸ್ಟಿಕ್ ಕೆಟ್ಟುಹೋಯಿತು. ಇವನು ಪಕ್ಕದ ಬೀದಿಯ ಗೆಳೆಯನ ಹದಿನಾರು ಬಿಟ್ ಮೆಷಿನ್ನಿನ ಪ್ಯಾಡನ್ನು ಕಡ ತಂದ. ಅದಕ್ಕೂ ಒಂಬತ್ತು ಪಿನ್ನು, ನಮ್ಮದಕ್ಕೂ ಒಂಬತ್ತು ಪಿನ್ನು. ಬೆಣ್ಣೆಯ ಹಾಗೆ ಒಳಗೆ ಹೋಯಿತು. ಆದರೆ ಏನು ಒತ್ತಿದರೂ ಎರಡನೇ ಆಟಗಾರ ನಿಂತಲ್ಲೇ ನಿಂತಿದ್ದ. ನಾನೇ ಹಾಳುಮಾಡಿದೆ ಅಂತ ಅವನು, ಅವನೇ ಅಂತ ನಾನು, ಇಬ್ಬರೂ ಅತ್ತೆಯ ಹತ್ತಿರ ಒದೆ ತಿಂದೆವು. ಯಾರೂ ಹಾಳುಮಾಡಿರಲಿಲ್ಲ! ನಕಲು ಮೆಷಿನ್ನಿನವರು ಪ್ಲಗ್ಗನ್ನು ಅಟಾರಿಯ ಆಕಾರದಲ್ಲಿ ಹಾಕಿ ಒಳಗೆ ನಿಂಟೆಂಡೊ ಭಾಷೆ ಇಟ್ಟಿದ್ದರು. ಸೆಗಾ ಮಾದರಿಯ ಪ್ಯಾಡಿಗೆ ಆ ಭಾಷೆ ಬರುತ್ತಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಫೋನ್ ಮಾಡಿ ಹೇಳಿದೆ. "ಅಮ್ಮಂಗೆ ಹೇಳು" ಅಂದ.

ಇನ್ನು ತಂತಿ ಕಿತ್ತುಹಾಕಿದ ಕಥೆ. ಇದು ನಾವಂದುಕೊಂಡಷ್ಟು ಹೊಸದಲ್ಲ. 1983ರ ಹೊತ್ತಿಗೇ ಅಟಾರಿ ರೇಡಿಯೋ ಜಾಯ್‌ಸ್ಟಿಕ್ ಮಾರಿತ್ತು, ಬ್ಯಾಟರಿ ಹಿಡಿಸಲು ಅದರ ಬುಡವನ್ನು ದಪ್ಪ ಮಾಡಬೇಕಾಯಿತು. 1989ರಲ್ಲಿ ನಿಂಟೆಂಡೊ 'ಸ್ಯಾಟಲೈಟ್' ಎಂಬ ಡಬ್ಬಿ ತಂದಿತು, ನಾಲ್ವರ ಕಂಟ್ರೋಲರುಗಳನ್ನು ಅದಕ್ಕೆ ಸಿಕ್ಕಿಸಿದರೆ ಅದು ಟಿವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್ ಬೆಳಕಿನಲ್ಲಿ ಮೆಷಿನ್ನಿಗೆ ಸುದ್ದಿ ಮುಟ್ಟಿಸುತ್ತಿತ್ತು. ಬೆಳಕಿನ ಕಷ್ಟ ನಿಮಗೆ ಗೊತ್ತೇ ಇದೆ. ನಡುವೆ ಯಾರಾದರೂ ಕಾಫಿ ಲೋಟ ಹಿಡಿದು ಹಾದುಹೋದರೆ ಆಟ ಗೋವಿಂದ.

ಸರಿಯಾಗಿ ಕೈಹಿಡಿದದ್ದು 2002ರಲ್ಲಿ ಬಂದ ನಿಂಟೆಂಡೊದ ವೇವ್‌ಬರ್ಡ್. ಗೇಮ್‌ಕ್ಯೂಬ್‌ನ ಕಂಟ್ರೋಲರ್ ಸಾಕೆಟ್ಟಿಗೆ ಒಂದು ಪುಟ್ಟ ರಿಸೀವರ್, ಕೈಯಲ್ಲಿ ಎರಡು ಪೆನ್ಸಿಲ್ ಸೆಲ್ಲಿನ ಕಂಟ್ರೋಲರ್, ಎರಡರಲ್ಲೂ 16 ಚಾನೆಲ್ಲಿನ ತಿರುಪು. ಪಕ್ಕದವನದು ಮೂರಾದರೆ ನೀವು ನಾಲ್ಕಕ್ಕೆ ತಿರುಗಿಸಿಕೊಳ್ಳಿ. ಸೆಲ್ ಉಳಿಸುವುದಕ್ಕೆ ಕಂಪನದ ಮೋಟರನ್ನು ಬಿಟ್ಟುಬಿಟ್ಟರು. ಅಲೆ ಅದೇ 2.4 ಗಿಗಾಹರ್ಟ್ಸ್. ಮೈಕ್ರೋವೇವ್ ಓವನ್ನೂ ಅಲ್ಲೇ ಕೆಲಸ ಮಾಡುವುದರಿಂದ ಆ ಪಟ್ಟಿ ಎಲ್ಲರಿಗೂ ಬಿಟ್ಟ ಗೋಮಾಳದ ಹಾಗೆ. ಅಮೆರಿಕದಲ್ಲಿ 1985ರಲ್ಲಿ ಲೈಸೆನ್ಸ್ ಇಲ್ಲದೆ ಅಲ್ಲಿ ಸಂಪರ್ಕ ಸಾಧನ ಬಳಸಲು ದಾರಿ ಮಾಡಿಕೊಟ್ಟರು. ನಮ್ಮ ಭಾರತ ಸರ್ಕಾರ ಕಡಿಮೆ ಶಕ್ತಿಯ ಸಾಧನಗಳಿಗೆ 2.4 ಗಿಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಬೇಡ ಎಂದು ನಿಯಮ ಮಾಡಿದ್ದು 2005ರಲ್ಲಿ.

(ನಮ್ಮ ಅಡುಗೆಮನೆಯ ಓವನ್ನಿನಲ್ಲಿ ನೀರು ಕುದಿಯಲು ಇಟ್ಟು, ಪಕ್ಕದಲ್ಲೇ ಕೂತು ಆಡಿಯೂ ನೋಡಿದೆ. ಎರಡು ಸಲ ತಡವರಿಸಿತು, ಸಂಪರ್ಕ ಕಡಿಯಲಿಲ್ಲ. ಹಳೆಯ ಬ್ಲೂಟೂತ್ 79 ಚಾನೆಲ್ಲುಗಳ ನಡುವೆ ಸೆಕೆಂಡಿಗೆ 1600 ಸಲ ಹಾರುತ್ತಿರುತ್ತದೆ, ಒಂದು ಕಡೆ ಗದ್ದಲವಿದ್ದರೆ ಮುಂದಿನ ಹಾರಿಕೆಗೆ ಬೇರೆ ಕಡೆ. ಹೀಗೆ ಹಾರುತ್ತ ಮಾತಾಡುವ ಉಪಾಯಕ್ಕೆ ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲೇ ಒಂದು ಪೇಟೆಂಟ್ ಪಡೆದಿದ್ದರು. ಅದರಲ್ಲಿ ಪಿಯಾನೋದ ಮನೆಗಳಷ್ಟೇ, ಅಂದರೆ 88 ಅಲೆಗಳು. ಅಮ್ಮ ಮಾತ್ರ "ನೀರು ಯಾಕೆ ಸುಮ್ಮನೆ ಕುದಿಸ್ತಿದೀಯ?" ಅಂತ ಬೈದರು.)

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2005–06ರಲ್ಲಿ. ಒಂದೇ ವರ್ಷದ ಅಂತರದಲ್ಲಿ ಮೂರು ಮೆಷಿನ್ ಬಂದವು, ಮೂರಕ್ಕೂ ತಂತಿಯಿಲ್ಲದ ಕಂಟ್ರೋಲರು. ಎಕ್ಸ್‌ಬಾಕ್ಸ್ 360 ತನ್ನದೇ ರೇಡಿಯೋ ಭಾಷೆ ಇಟ್ಟುಕೊಂಡಿತು, ಅದನ್ನು ಕಂಪ್ಯೂಟರಿಗೆ ಕೂಡಿಸಲು ಮೈಕ್ರೋಸಾಫ್ಟಿನ ಬೇರೆ ರಿಸೀವರ್ ಕೊಳ್ಳಬೇಕಿತ್ತು. ಪ್ಲೇಸ್ಟೇಷನ್ 3 ಮತ್ತು ವೀ ಬ್ಲೂಟೂತ್ ಹಿಡಿದವು. ಬ್ಲೂಟೂತ್ ಅಂದರೆ ಎಲ್ಲರದ್ದೂ ತಾನೆ? ಊಹೂಂ. ಪ್ಲೇಸ್ಟೇಷನ್ 3ರ ಕಂಟ್ರೋಲರನ್ನು ಮೊದಲು ಕೇಬಲ್ಲಿನಿಂದ ಸಿಕ್ಕಿಸಬೇಕು. ಆಗ ಮೆಷಿನ್ನು ತನ್ನ ವಿಳಾಸವನ್ನು ಅದರೊಳಗೆ ಬರೆಯುತ್ತದೆ, ಆಮೇಲೆ ಅದು ಆ ವಿಳಾಸಕ್ಕೆ ಮಾತ್ರ ಓಗೊಡುತ್ತದೆ. ಮದುವೆ ಮಾಡಿಸಿದ ಹಾಗೆ.

ಕಂಪ್ಯೂಟರಿನ ಕಡೆಯ ಕಥೆ ಇನ್ನೂ ತಮಾಷೆ. 1996ರಲ್ಲಿ ಯುಎಸ್‌ಬಿ ಬಂದಾಗ ಅದರ ಜೊತೆ ಒಂದು ಒಳ್ಳೆಯ ಪದ್ಧತಿ ಬೆಳೆಯಿತು. ಸಿಕ್ಕಿಸಿದ ಸಾಧನ 'ನನಗೆ ಇಷ್ಟು ಗುಂಡಿ, ಇಷ್ಟು ಕೋಲು ಇವೆ' ಎಂದು ತಾನೇ ಹೇಳಿಕೊಳ್ಳುತ್ತದೆ. ಆದರೆ ಮೂರನೇ ಗುಂಡಿ ಎಲ್ಲಿದೆ, ಅದರ ಮೇಲೆ ಏನು ಬರೆದಿದೆ ಎಂದು ಹೇಳುವುದಿಲ್ಲ. ವಿಂಡೋಸ್‌ನ ಡೈರೆಕ್ಟ್‌ಇನ್‌ಪುಟ್ ಹೀಗೆ ಬರೀ ಸಂಖ್ಯೆಗಳ ಲೋಕ. 2005ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಇನ್‌ಪುಟ್ ತಂದು ಗೊಂದಲ ಬಗೆಹರಿಸಿತು, ಹೇಗೆಂದರೆ ಜಗತ್ತಿನ ಕಂಟ್ರೋಲರುಗಳೆಲ್ಲ ಎಕ್ಸ್‌ಬಾಕ್ಸ್‌ನದೇ ಎಂದು ಭಾವಿಸುವ ಮೂಲಕ! ಅದೇ ಎಕ್ಸ್‌ಬಾಕ್ಸ್ ಕಂಟ್ರೋಲರನ್ನು ಹಳೇ ಡೈರೆಕ್ಟ್‌ಇನ್‌ಪುಟ್ ಮೂಲಕ ಓದಿದರೆ ಎಡ ಬಲ ಟ್ರಿಗರುಗಳು ಸೇರಿ ಒಂದೇ ಕೋಲಾಗಿ ಕಾಣುತ್ತವೆ, ಎರಡನ್ನೂ ಒಟ್ಟಿಗೆ ಎಳೆದರೆ ಸೊನ್ನೆ. ಆಟ ಬರೆಯುವವರು ಏನು ಮಾಡಿಯಾರು? ಎಕ್ಸ್‌ಇನ್‌ಪುಟ್ಟಿಗೆ ಮಾತ್ರ ಬರೆದರು. ಉಳಿದ ಕಂಟ್ರೋಲರುಗಳು ವೇಷ ಹಾಕುವುದನ್ನು ಕಲಿತವು. 2021ರ ಎಯ್ಟ್‌ಬಿಟ್‌ಡೊ ಪ್ರೊ 2ರ ಬೆನ್ನಿನಲ್ಲೂ ನನ್ನ ಕೈಯಲ್ಲಿರುವಂಥದೇ ಜಾರುಗುಂಡಿ ಇದೆ. ಸ್ವಿಚ್, ಆಪಲ್, ಡೈರೆಕ್ಟ್‌ಇನ್‌ಪುಟ್, ಎಕ್ಸ್‌ಇನ್‌ಪುಟ್, ನಾಲ್ಕು ವೇಷ. ಲಿನಕ್ಸಿನ ಕಡೆ ಆಟಗಳು ಬಳಸುವ ಎಸ್‌ಡಿಎಲ್ ಎಂಬ ಲೈಬ್ರರಿಗೆ ಇನ್ನೊಂದು ದಾರಿ ಇದೆ. ಯಾವ ಕಂಟ್ರೋಲರಿನ ಯಾವ ಸಂಖ್ಯೆ ಯಾವ ಗುಂಡಿ ಎಂದು ಊರೂರಿನ ಸ್ವಯಂಸೇವಕರು ಒಂದೊಂದೇ ಸಾಲು ಬರೆದು ಸೇರಿಸಿದ ಒಂದು ದೊಡ್ಡ ಕಡತ. ನನಗೆ ಇದೇ ಹೆಚ್ಚು ಇಷ್ಟ.

ಗುಂಡಿಯ ಹೆಸರೂ ಒಂದು ಜಗಳವೇ. 1990ರ ಸೂಪರ್ ಫ್ಯಾಮಿಕಾಮ್‌ನಲ್ಲಿ 'ಎ' ಬಲಕ್ಕೆ, 'ಬಿ' ಕೆಳಗೆ. 1998ರ ಸೆಗಾ ಡ್ರೀಮ್‌ಕಾಸ್ಟ್ ಅದನ್ನು ತಿರುಗಿಸಿ 'ಎ' ಕೆಳಗೆ, 'ಬಿ' ಬಲಕ್ಕೆ ಇಟ್ಟಿತು, 2001ರ ಎಕ್ಸ್‌ಬಾಕ್ಸ್‌ನಲ್ಲೂ ಹಾಗೇ. ಸೋನಿಯದಂತೂ ಜಪಾನಿನಲ್ಲಿ ವೃತ್ತ ಒತ್ತಿದರೆ 'ಹೂಂ', ಅಮೆರಿಕದಲ್ಲಿ ಅಡ್ಡಗೀಟು ಒತ್ತಿದರೆ 'ಹೂಂ'. ಜಪಾನಿನಲ್ಲೂ ಅಡ್ಡಗೀಟನ್ನೇ 'ಹೂಂ' ಮಾಡಿದ್ದು 2020ರ ಪ್ಲೇಸ್ಟೇಷನ್ 5ರಲ್ಲಿ.

ಸರಿ, ಕೈಯಲ್ಲಿರುವುದು ಹೇಗಿದೆ? ಸ್ವಿಚ್, ಲ್ಯಾಪ್‌ಟಾಪ್, ಫೋನ್ ಮೂರಕ್ಕೂ ಕೂಡಿತು. ಸೆಕೆಂಡಿಗೆ 60 ಚಿತ್ರದ ಆಟದಲ್ಲಿ ಒಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡ್. ಮೊಬೈಲಿನ ನಿಧಾನಗತಿ ವಿಡಿಯೋದಲ್ಲಿ ನೋಡಿದರೆ ಕೇಬಲ್ಲಿಗೂ ಬ್ಲೂಟೂತಿಗೂ ಅಷ್ಟು ವ್ಯತ್ಯಾಸವೂ ಇರಲಿಲ್ಲ. ಕೆಳಭಾಗದಲ್ಲಿ ಎರಡು ಹೆಚ್ಚುವರಿ ಗುಂಡಿಗಳಿವೆ. ಎಡಗಡೆಯದನ್ನು ಬಲ ಟ್ರಿಗರ್ ಎಂದು ಹೇಳಿಕೊಟ್ಟೆ, ಎಡಗೈಯ ನಡುಬೆರಳಿಗೆ ಸಲೀಸಾಗಿ ಸಿಗುತ್ತದೆ. ಈ ಪಾಠ ಕಂಟ್ರೋಲರಿನ ಒಳಗೇ ಉಳಿಯುತ್ತದೆ, ಆದರೆ ಒಂದೊಂದು ವೇಷಕ್ಕೂ ಬೇರೆ ಬೇರೆಯಾಗಿ ಕಲಿಸಬೇಕು. ಕಲಿಸುವುದಕ್ಕೆ ಕಂಪನಿಯ ಆ್ಯಪ್ ಬೇಕೇ ಬೇಕು. ಆ ಆ್ಯಪ್ ನಾಳೆ ನಿಂತರೆ? ಇದೊಂದಕ್ಕೆ ನಾನು ಅಂಕ ಕಳೆದೆ.

ಗಾಡಿ ಓಡಿಸುವ ಆಟದಲ್ಲಿ ಬ್ರೇಕು, ವೇಗ ಎರಡೂ ಎಡಗೈಗೇ ಬಿದ್ದು ಕಷ್ಟವಾಗುತ್ತದೆ. ಅದಕ್ಕೆ ದಾರಿ ಹುಡುಕುವಾಗ ಮೈಕ್ರೋಸಾಫ್ಟಿನ 2018ರ ಅಡಾಪ್ಟಿವ್ ಕಂಟ್ರೋಲರ್ ಕಣ್ಣಿಗೆ ಬಿತ್ತು. ಕೈಕಾಲು ಪೂರ್ತಿ ಸ್ವಾಧೀನವಿಲ್ಲದವರಿಗೆಂದೇ ಮಾಡಿದ್ದು. ಅದರ ಬೆನ್ನಲ್ಲಿ 3.5 ಮಿಲಿಮೀಟರಿನ 19 ತೂತು, ನಮ್ಮ ಹಳೇ ಇಯರ್‌ಫೋನ್ ತೂತು. ಯಾವ ಕಂಪನಿಯ ಪೆಡಲ್, ಯಾವ ಗುಂಡಿ ಬೇಕಾದರೂ ಸಿಕ್ಕಿಸಬಹುದು. ಒತ್ತಿದರೆ ಎರಡು ತಂತಿ ತಾಗುತ್ತವೆ, ಅಷ್ಟೇ. ಭಾಷೆ ಇಲ್ಲ, ವೇಷ ಇಲ್ಲ. 1977ರ ಅಟಾರಿಯ ಅದೇ ಕರೆಗಂಟೆ!

ಆ ಪೆಟ್ಟಿಗೆ ನನ್ನ ಬಜೆಟ್ಟಿಗೆ ಸದ್ಯಕ್ಕಿಲ್ಲ. ಶನಿವಾರ ಎಸ್.ಪಿ. ರೋಡಿಗೆ ಹೋಗಿ ಒಂದು ಕಾಲಿನ ಸ್ವಿಚ್ಚು, ಯುಎಸ್‌ಬಿ ಕೀಬೋರ್ಡಿನ ವೇಷ ಹಾಕಬಲ್ಲ ಒಂದು ಪುಟ್ಟ ಬೋರ್ಡು, ನಾಲ್ಕು ಮಾರು ವೈರು ತಂದೆ. ಬೆಸುಗೆ ಹಾಕಿ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ, ಬ್ರೇಕು ಹಿಡಿಯಿತು. ಸ್ವಿಚ್ ಮಾತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಭಾನುವಾರ ಬಂದಿದ್ದ. ಮೊದಲು ಕಾಂಟ್ರಾ ಆಡಿದೆವು, ಅದಕ್ಕೆ ಟ್ರಿಗರ್ ಬೇಕಿಲ್ಲವಲ್ಲ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಕಾರು. ಮೂರನೇ ಸುತ್ತಿಗೆ ಕಾಲು ಕುದುರಿತು, ಐದನೆಯದರಲ್ಲಿ ನನ್ನನ್ನು ಹಿಂದೆ ಹಾಕಿದ. ಕಂಟ್ರೋಲರ್ ಅವನೇ ಇಟ್ಟುಕೊಂಡ, ದುಡ್ಡು ಇನ್ನೂ ಕೊಟ್ಟಿಲ್ಲ. ಹೊರಡುವಾಗ ಪೆಡಲನ್ನೂ ಚೀಲಕ್ಕೆ ಹಾಕಿಕೊಳ್ಳುತ್ತ, "ಇದಕ್ಕೆ ವೈರ್ ಇದೆಯಲ್ಲೋ" ಅಂದ.