ಹೆಂಚಿನ ಬೆನ್ನಿನ ಮೇಲಿನ ಹೆಸರು

ನಿಮ್ಮ ಊರಿನಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೆಡವುತ್ತಿದ್ದರೆ ಅಲ್ಲಿ ಒಂದು ನಿಮಿಷ ನಿಲ್ಲಿ. ಒಂದು ಹೆಂಚನ್ನು ಎತ್ತಿ ಅದರ ಬೆನ್ನನ್ನು ನೋಡಿ. ಅನೇಕ ಹೆಂಚುಗಳಲ್ಲಿ ಕಾರ್ಖಾನೆಯ ಹೆಸರೂ ಊರಿನ ಹೆಸರೂ ಅಚ್ಚಾಗಿರುತ್ತವೆ. ಹೆಂಚು ಮಾಡು ಏರಿದ ಮೇಲೆ ಆ ಹೆಸರನ್ನು ಓದುವವರು ಯಾರು? ಹಾಗಿದ್ದರೂ ಅದನ್ನು ಒತ್ತಿದ್ದೇಕೆ? ಈ ಸಣ್ಣ ಪ್ರಶ್ನೆಯಲ್ಲಿ ಕಟ್ಟಡ ಸಾಮಗ್ರಿ ಮಾರುವವರ ಇತಿಹಾಸವೇ ಅಡಗಿದೆ.

ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋದವನು ಹಣ್ಣನ್ನು ಮೂಸಿ, ಒತ್ತಿ ನೋಡಿ ಬೆಲೆ ಕಟ್ಟುತ್ತಾನೆ. ಇಟ್ಟಿಗೆಯ ಒಳಗು ಹಾಗೆ ಕಾಣುವುದಿಲ್ಲ. ಬೇಯದ ಇಟ್ಟಿಗೆಯ ತಪ್ಪು ನಾಲ್ಕು ಮಳೆಗಾಲ ಕಳೆದ ಮೇಲೆ ಗೋಡೆಯಲ್ಲಿ ಗೊತ್ತಾಗುತ್ತದೆ. ಆದ್ದರಿಂದ ಮನೆ ಕಟ್ಟುವವನು ಇಟ್ಟಿಗೆಯ ಜೊತೆಗೆ ಮಾರುವವನ ಮಾತನ್ನೂ ಕೊಳ್ಳುತ್ತಾನೆ. ಆ ಮಾತಿಗೆ ಬೆಲೆ ಬರಬೇಕಾದರೆ ವರ್ತಕರೆಲ್ಲ ಒಂದೆಡೆ ಸೇರಿ ಅಳತೆ, ಗುಣ, ನಡತೆಗಳನ್ನು ಒಪ್ಪಿಕೊಳ್ಳಬೇಕು. ವರ್ತಕರ ಸಮಾವೇಶ ಹುಟ್ಟುವುದು ಇಲ್ಲಿಯೇ.

ಇದು ನಮ್ಮ ನಾಡಿಗೆ ಹೊಸದಲ್ಲ. ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ತನ್ನ ಧರ್ಮವನ್ನೂ ಕಟ್ಟಳೆಗಳನ್ನೂ ಶಾಸನಗಳಲ್ಲಿ ಕೆತ್ತಿಸಿತು. ಇದರ ಹೆಸರು ದಕ್ಷಿಣ ಭಾರತದ ಉದ್ದಗಲಕ್ಕೂ ಸಿಗುತ್ತದೆ. ಸುಮಾತ್ರದಲ್ಲಿ ಸಿಕ್ಕ 1088ರ ತಮಿಳು ಶಾಸನದಲ್ಲೂ ಇದೆ. ‘ಮೂಡಲ ಬಾಗಿಲು’ ಎಂಬುದರಿಂದ ಹೆಸರು ಪಡೆದ ಮುಳಬಾಗಿಲು ಪೂರ್ವದ ದಾರಿಯ ಊರು. ಅಪರಿಚಿತ ಊರಿನಲ್ಲಿ ಅಪರಿಚಿತನಿಗೆ ಸರಕು ಮಾರಬೇಕಾದವನಿಗೆ ಸಂಘದ ಹೆಸರೇ ಬಂಡವಾಳವಾಗಿತ್ತು.

ಆಧುನಿಕ ಕಾಲಕ್ಕೆ ಬರೋಣ. 1864ರಲ್ಲಿ ಬೆಂಗಳೂರು ದಂಡು ಮತ್ತು ಜೋಲಾರಪೇಟೆಗಳ ನಡುವೆ ರೈಲು ಓಡಿತು. ಮಾಲೂರು ಆ ದಾರಿಯಲ್ಲಿದೆ. ಮರುವರ್ಷ, 1865ರಲ್ಲಿ, ಬಾಸೆಲ್ ಮಿಶನ್‌ನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕುಂಬಾರರ ನಾಡಹೆಂಚಿನ ಪಕ್ಕದಲ್ಲಿ ಒಂದೇ ಅಳತೆಯ, ಒಂದಕ್ಕೊಂದು ಕೊಂಡಿಯಂತೆ ಕೂಡುವ ಹೆಂಚು ಬಂತು. ‘ಮಂಗಳೂರು ಹೆಂಚು’ ಎಂಬುದು ಊರಿನ ಹೆಸರೇ ಸರಕಿನ ಗುಣವಾದ ಉದಾಹರಣೆ. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಮಾಲೂರು ಕೂಡ ಇಟ್ಟಿಗೆ, ಹೆಂಚುಗಳಿಗೆ ಹೆಸರಾಯಿತು. ಜೇಡಿಮಣ್ಣು, ರೈಲು, ಹತ್ತಿರದಲ್ಲೇ ಬೆಳೆಯುತ್ತಿದ್ದ ಬೆಂಗಳೂರು, ಈ ಮೂರೂ ಅದಕ್ಕೆ ಒದಗಿದವು.

ಕೂಡಿ ಯೋಚಿಸುವ ಪದ್ಧತಿಗೆ ಸರ್ಕಾರದ ಬೆಂಬಲ ದೊರೆತದ್ದು 1911ರಲ್ಲಿ. ಆ ವರ್ಷ ಮೈಸೂರು ಸಂಸ್ಥಾನದಲ್ಲಿ ಸಂಪದಭ್ಯುದಯ ಸಮಾಜ ಆರಂಭವಾಯಿತು. ಇದರ ಹಿಂದಿದ್ದವರು, ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂ. ವಿಶ್ವೇಶ್ವರಯ್ಯನವರು. ಬೇಸಾಯ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯಗಳ ಬಗ್ಗೆ ಅಧಿಕಾರಿಗಳೂ ಅಧಿಕಾರಿಗಳಲ್ಲದವರೂ ಅಲ್ಲಿ ಕೂಡಿ ಚರ್ಚಿಸಿದರು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಲು ಕಾರಣವಾದದ್ದೂ, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಗೆ ದಾರಿಯಾದದ್ದೂ ಇದೇ ವಾತಾವರಣ. ಕಟ್ಟಡ ನಿರ್ಮಾಪಕರ ಅಖಿಲ ಭಾರತ ಸಂಘ 1941ರಲ್ಲಿ ಸ್ಥಾಪನೆಯಾಯಿತು. ಮನೆ ಕಟ್ಟಿ ಮಾರುವವರ ರಾಷ್ಟ್ರೀಯ ಒಕ್ಕೂಟ ಕ್ರೆಡಾಯ್ 1999ರಲ್ಲಿ ಬಂತು.

ನಾಳೆ ನೀವು ವಾಣಿಜ್ಯವನ್ನೋ ಎಂಜಿನಿಯರಿಂಗನ್ನೋ ಓದಿ, ಇಂಥ ರಾಷ್ಟ್ರೀಯ ಸಮಾವೇಶಕ್ಕೆ ಪ್ರತಿನಿಧಿಯಾಗಿ ಹೋಗಬಹುದು. ಎದೆಗೆ ಹೆಸರಿನ ಚೀಟಿ, ಕೈಯಲ್ಲಿ ಚೀಲ, ಮಳಿಗೆಗಳಲ್ಲಿ ಹೊಳೆಯುವ ಮಾದರಿಗಳು. ಅಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಹಳೆಯದೇ: ಈ ಸರಕಿನ ಮಾತು ನಿಜವೇ? ಎರಡು ಇಟ್ಟಿಗೆಗಳನ್ನು ತಾಡಿಸಿದರೆ ಕಣಕಣ ಎನ್ನಬೇಕು. ಭಾರತೀಯ ಮಾನಕದ ಪ್ರಕಾರ ಮಾಡ್ಯುಲರ್ ಇಟ್ಟಿಗೆಯ ಅಳತೆ 19 × 9 × 9 ಸೆಂಟಿಮೀಟರ್. 24 ಗಂಟೆ ನೀರಿನಲ್ಲಿ ನೆನೆದರೂ ಸಾಮಾನ್ಯ ದರ್ಜೆಯ ಇಟ್ಟಿಗೆ ತನ್ನ ತೂಕದ ಶೇಕಡ 20ಕ್ಕಿಂತ ಹೆಚ್ಚು ನೀರು ಹೀರಬಾರದು. ಜಾಹೀರಾತು ಎಷ್ಟೇ ಚೆಂದವಿರಲಿ, ಬಕೆಟ್ಟಿನ ನೀರು ಸುಳ್ಳು ಹೇಳುವುದಿಲ್ಲ.

ಎರಡನೆಯ ಪ್ರಶ್ನೆ ಇನ್ನೂ ಕಷ್ಟದ್ದು: ಈ ಸಭೆಗೆ ಬಾರದವರು ಯಾರು? ಗೂಡಿನ ಬಿಸಿಯಲ್ಲಿ ದುಡಿಯುವ ಕೂಲಿಯವರು ಬಂದಿಲ್ಲ. ಹೊಲದ ಮೇಲ್ಮಣ್ಣನ್ನು ಮಾರಿದ ರೈತನೂ ಬಂದಿಲ್ಲ. ಸದಾ ಹರಿಯುವ ನದಿಯಿಲ್ಲದ ಕೋಲಾರ ಜಿಲ್ಲೆ ಕೆರೆಗಳನ್ನು ನಂಬಿ ಬದುಕಿದ ನೆಲ. ಇಲ್ಲಿನ ಮಣ್ಣು ಇಟ್ಟಿಗೆಯಾಗಿ ಬೆಂಗಳೂರಿನ ಗೋಡೆ ಸೇರಿತು. 2018ರಿಂದ ಕೆ.ಸಿ. ಕಣಿವೆ ಯೋಜನೆಯಲ್ಲಿ ಅದೇ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿದು ಬಂತು. ಮಣ್ಣು ಹೋಯಿತು, ಬಳಸಿದ ನೀರು ಬಂತು. ಈ ಲೆಕ್ಕ ಸಮವಾಯಿತೇ ಎಂದು ಕೇಳುವ ಹಕ್ಕು ಈ ಜಿಲ್ಲೆಯ ವಿದ್ಯಾರ್ಥಿಗಳಾದ ನಿಮಗಿದೆ. ಉಷ್ಣವಿದ್ಯುತ್ ಕೇಂದ್ರಗಳ ಹಾರುಬೂದಿಯನ್ನು ಇಟ್ಟಿಗೆಗೆ ಬಳಸಬೇಕೆಂದು ಕೇಂದ್ರ ಸರ್ಕಾರ 1999ರಲ್ಲಿ ಆದೇಶ ಹೊರಡಿಸಿತು. ಮೇಲ್ಮಣ್ಣನ್ನು ಉಳಿಸುವುದು ಅದರ ಒಂದು ಉದ್ದೇಶ. ದಾರಿಗಳಿಲ್ಲವೆಂದಲ್ಲ, ಅವುಗಳ ಮಾತನ್ನು ಸಭೆಯಲ್ಲಿ ಎತ್ತುವವರು ಬೇಕು.

ಈಗ ಹೆಂಚಿನ ಬೆನ್ನಿಗೆ ಮರಳೋಣ. ಯಾರಿಗೂ ಕಾಣದ ಕಡೆ ಹೆಸರು ಒತ್ತಿದವನು, ಹೆಂಚು ಒಡೆದ ದಿನ ಅದು ಯಾರದೆಂದು ಗೊತ್ತಾಗಲಿ ಎಂದು ಒಪ್ಪಿಕೊಂಡಿದ್ದ. ಮಾರಾಟ ಎಂದರೆ ಹೆಸರು ಹರಡುವುದಷ್ಟೇ ಅಲ್ಲ, ಆ ಹೆಸರಿಗೆ ಹೊಣೆಯಾಗುವುದು. ಬರುವ ಭಾನುವಾರ ನಿಮ್ಮ ಬೀದಿಯ ಹಳೆಯ ಮನೆಗಳ ಹೆಂಚುಗಳನ್ನು ಹಿರಿಯರ ಅನುಮತಿ ಪಡೆದು ನೋಡಿ, ಹೆಸರುಗಳನ್ನು ಬರೆದುಕೊಳ್ಳಿ. ನಿಮ್ಮ ಊರಿನ ಇತಿಹಾಸದ ಒಂದು ಪುಟ ನಿಮ್ಮ ಕೈಯಲ್ಲೇ ಸಿದ್ಧವಾಗುತ್ತದೆ.