ಕರುಳಿನ ಉರಿಯೂತ ಇಳಿದ ಮೇಲೆ: ಗಂಜಿಯಿಂದ ರೊಟ್ಟಿ, ಮುದ್ದೆಗೆ ಮರಳುವ ಕ್ರಮ



ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್ ಕರುಳಿನ ದೀರ್ಘಕಾಲದ ಉರಿಯೂತಗಳು. ಕೆರಳುವುದು, ತಣಿಯುವುದು ಇವುಗಳ ಸ್ವಭಾವ. ತಣಿದ ಮೇಲೆ ಏನು ತಿನ್ನಬೇಕು ಎಂಬಲ್ಲೇ ಮನೆಯವರಿಗೆ ತೊಡಕು. ನಮ್ಮ ಊರುಗಳಲ್ಲಿ ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲೋ ನೆರೆಭಾಷೆಯಲ್ಲೋ ಇರುತ್ತದೆ. ಅಡುಗೆ ಮಾಡುವ ಹಿರಿಯರು ಓದುವುದು ಕನ್ನಡ. ಅದಕ್ಕಾಗಿ ಈ ಮಾಹಿತಿ.

ಕೆಲವರು ನೋವು ನಿಂತ ದಿನವೇ ಶೇಂಗಾ ಚಟ್ನಿಗೆ ಕೈಹಾಕುತ್ತಾರೆ. ಇನ್ನು ಕೆಲವರು ಹೆದರಿ ತಿಂಗಳುಗಟ್ಟಲೆ ಗಂಜಿಯಲ್ಲೇ ಉಳಿಯುತ್ತಾರೆ. ಎರಡನೆಯದೂ ಅಪಾಯವೇ: ಪ್ರೋಟೀನ್, ಕಬ್ಬಿಣ, ಕ್ಯಾಲ್ಸಿಯಂ ಸಾಲದೆ ತೂಕ ಇಳಿಯುತ್ತದೆ, ಮೈ ಸೋಲುತ್ತದೆ.

ಮೊದಲು ವೈದ್ಯರನ್ನು ಕೇಳಿ

ಉರಿಯೂತ ನಿಜವಾಗಿ ಇಳಿದಿದೆಯೇ? ರಕ್ತಪರೀಕ್ಷೆ ಮತ್ತು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ ಇದನ್ನು ತಿಳಿಸುತ್ತವೆ. ಕರುಳು ಎಲ್ಲಾದರೂ ಕಿರಿದಾಗಿದೆಯೇ? ಆಗಿದ್ದರೆ ಶೇಂಗಾ, ಇಡೀ ಕಾಳು, ಮೆಕ್ಕೆಜೋಳ, ನುಗ್ಗೆಕಾಯಿ, ಹಲಸು ಸಿಕ್ಕಿಕೊಳ್ಳಬಹುದು. ವೈದ್ಯರ ಒಪ್ಪಿಗೆಯಿಲ್ಲದೆ ಬೇಡ.

ಮರಳುವ ಕ್ರಮ

ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ. ಮೊದಲ ದಿನ ಎರಡು ಮೂರು ಚಮಚ, ಮರುದಿನ ಸ್ವಲ್ಪ ಹೆಚ್ಚು. ಮೂರು ದಿನ ಒಗ್ಗಿದರೆ ಮುಂದಿನದು. ಒಗ್ಗದಿದ್ದರೆ ಬದಿಗಿಟ್ಟು ಕೆಲವು ವಾರದ ನಂತರ ಮತ್ತೆ ನೋಡಿ, ಶಾಶ್ವತವಾಗಿ ಬಿಡಬೇಕಿಲ್ಲ.

1. ಮೆತ್ತನೆಯ ಅನ್ನ, ಇಡ್ಲಿ, ನುಣ್ಣಗೆ ಬೆಂದ ಹೆಸರುಬೇಳೆ, ಬೇಯಿಸಿದ ಮೊಟ್ಟೆ, ಮಾಗಿದ ಬಾಳೆಹಣ್ಣು. ತಿನ್ನುವವರಿಗೆ ಮುಳ್ಳು ತೆಗೆದ ಮೀನು.
2. ಸಿಪ್ಪೆ, ಬೀಜ ತೆಗೆದು ಬೇಯಿಸಿದ ಸೋರೆಕಾಯಿ, ಕುಂಬಳಕಾಯಿ, ಕ್ಯಾರೆಟ್, ಸೋಸಿದ ರಾಗಿ ಅಂಬಲಿ, ಮೊಸರು. ಹಾಲು ಆಗದ ಹಲವರಿಗೆ ಮೊಸರು ಆಗುತ್ತದೆ.
3. ಬೇಳೆಕಟ್ಟಿನಲ್ಲಿ ನೆನೆಸಿದ ತೆಳು ಜೋಳದ ರೊಟ್ಟಿ, ಸಣ್ಣ ರಾಗಿಮುದ್ದೆ, ಚೆನ್ನಾಗಿ ಬೆಂದ ಕುಚ್ಚಲಕ್ಕಿ ಅನ್ನ.
4. ಕೊನೆಗೆ ತೆಂಗಿನತುರಿ, ಹುರುಳಿ, ಕಡಲೆ, ಹಸಿ ತರಕಾರಿ, ಶೇಂಗಾ, ಖಾರ, ಕರಿದ ತಿಂಡಿ.

ಒಂದು ನೋಟುಬುಕ್ಕಿನಲ್ಲಿ ತಾರೀಖು, ಪದಾರ್ಥ, ಪ್ರಮಾಣ, ಎಷ್ಟು ಸಲ ಶೌಚ, ನೋವು, ವಾರಕ್ಕೊಮ್ಮೆ ತೂಕ ಬರೆಯಿರಿ. ವೈದ್ಯರಿಗೆ ಅದನ್ನೇ ತೋರಿಸಿ.

ಹೆಸರುಗಳಲ್ಲಿ ಎಚ್ಚರ

ನಮ್ಮ ಜೋಳ ಮರಾಠಿಯಲ್ಲಿ ಜ್ವಾರಿ, ತೆಲುಗಿನಲ್ಲಿ ಜೊನ್ನ, ತಮಿಳಿನಲ್ಲಿ ಚೋಳಂ. ರಾಗಿ ಮರಾಠಿಯಲ್ಲಿ ನಾಚಣಿ, ತಮಿಳಿನಲ್ಲಿ ಕೇಳ್ವರಗು. ಬರೀ ‘ಜೋಳ’ ಎಂದರೆ ಕೆಲವರು ಮೆಕ್ಕೆಜೋಳವೆಂದು ತಿಳಿಯುತ್ತಾರೆ. ಬಿಡಿಸಿ ಹೇಳಿ.

ಮರೆಯಬಾರದ್ದು

ಪಥ್ಯ ಔಷಧಿಯ ಬದಲಿಯಲ್ಲ. ಮೈ ಹಗುರವಾಯಿತೆಂದು ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಕೆರಳಬಹುದು. ಮಂಡಿನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಕೇಳದೆ ನುಂಗಬೇಡಿ.

ಮಲದಲ್ಲಿ ರಕ್ತ, ಜ್ವರ, ರಾತ್ರಿ ಎದ್ದು ಶೌಚಕ್ಕೆ ಓಡುವುದು ಕಂಡರೆ ಹೊಸ ಪದಾರ್ಥ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಹೊಟ್ಟೆ ಉಬ್ಬಿ, ವಾಂತಿ ಬಿಡದೆ, ಮಲವೂ ವಾಯುವೂ ಹೋಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮಕ್ಕಳು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಆಹಾರತಜ್ಞರಿಂದ ಬೇರೆ ಪಟ್ಟಿಯನ್ನೇ ಬರೆಸಿಕೊಳ್ಳಬೇಕು.

— ಕಾರ್ಯದರ್ಶಿ